‘ಪದ ಕಟ್ಟಿದಾಕಿ ನಾನ’: ದಹಿಸರಿನ ಚಂದ್ರವ್ವನ ಮೊದಲ ಆಲ್ಬಮ್

ಬೆಳಕು ಇನ್ನೂ ಸರಿಯಾಗಿ ಮೂಡಿಲ್ಲ. ದಹಿಸರ್ ಪೂರ್ವದ ಇಕ್ಕಟ್ಟಾದ ಗಲ್ಲಿಯೊಂದರಲ್ಲಿ ಏಳುತ್ತಿರುವ ಬಿಲ್ಡಿಂಗಿನ ಮೂರನೇ ಮಾಳಿಗೆಗೆ ಇವತ್ತು ಸ್ಲ್ಯಾಬ್ ಹಾಕುವ ದಿನ. ಕಾಂಕ್ರೀಟನ್ನು ಪೈಪಿನಲ್ಲಿ ಮೇಲಕ್ಕೆ ದಬ್ಬುವ ದೊಡ್ಡ ಪಂಪು ಲಾರಿ ಈ ಗಲ್ಲಿಯೊಳಗೆ ತಿರುಗುವುದಿಲ್ಲ. ಹೀಗಾಗಿ ಕೆಲಸ ಹಳೇ ಪದ್ಧತಿಯಲ್ಲೇ ಆಗಬೇಕು. ಕೆಳಗೆ ಮಿಕ್ಸರ್, ಮೇಲೆ ಗಾರೆ ಕೆಲಸದ ಗೌಂಡಿಗಳು, ನಡುವೆ ಮೆಟ್ಟಿಲುದ್ದಕ್ಕೂ ಹೆಣ್ಣಾಳುಗಳ ಸಾಲು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಬಟ್ಟೆಯ ಸಿಂಬಿ ಸುತ್ತಿಕೊಂಡು ಅವರು ತಮ್ಮ ತಮ್ಮ ಮೆಟ್ಟಿಲು ಹಿಡಿಯುತ್ತಾರೆ. ಕೂಲಿಯಾಳುಗಳ ಮೇಸ್ತ್ರಿಯಾದ ಮುಕಾದಮ ತೆಂಗಿನಕಾಯಿ ಒಡೆಯುತ್ತಾನೆ. ಮಿಕ್ಸರ್ ಗಡಗಡನೆ ಹೊರಳುತ್ತದೆ. ಮೊದಲ ಘಮೇಲಾ, ಅಂದರೆ ಹಸಿ ಕಾಂಕ್ರೀಟು ತುಂಬಿದ ಕಬ್ಬಿಣದ ಬುಟ್ಟಿ, ಕೈಯಿಂದ ಕೈಗೆ ಏರತೊಡಗುತ್ತದೆ.

ಒಂದಷ್ಟು ಘಮೇಲಾ ಹೋಗುವ ತನಕ ಯಾರೂ ಬಾಯಿ ಬಿಡುವುದಿಲ್ಲ. ಕೈಗಳ ಲಯ ಕೂಡಿಬರಬೇಕು. ಕೂಡಿಬಂತು ಅನ್ನಿಸಿದ ಕೂಡಲೇ ಮೊದಲ ತಿರುವಿನ ಮೆಟ್ಟಿಲಿನಿಂದ ಒಂದು ದನಿ ಏಳುತ್ತದೆ. ಇಂಪಾದ ದನಿ ಎಂದು ಹೇಳುವಂತಿಲ್ಲ. ತುಸು ಒಡಕು. ಆದರೆ ಮಿಕ್ಸರಿನ ಸದ್ದನ್ನು ಸೀಳಿಕೊಂಡು ಮೇಲಿನ ಮಾಳಿಗೆಯ ಗೌಂಡಿಯ ಕಿವಿಗೂ ನೇರವಾಗಿ ಮುಟ್ಟುತ್ತದೆ.

ಇಪ್ಪತ್ತ ಮಾಳಿಗಿ ತಲಿ ಮ್ಯಾಲ ಹೊತ್ತೇನ
ಒಪ್ಪತ್ತಿನ ರೊಟ್ಟಿ ಮಡಿಲಾಗ | ನನ ಗೆಳತಿ
ರೆಪ್ಪಿ ಮ್ಯಾಗ ನೋಡ ಸಿಮೀಟ

‘ಹೊತ್ತೇನ’ ಎಂಬಲ್ಲಿ ಬುಟ್ಟಿ ಏರುತ್ತದೆ, ‘ಗೆಳತಿ’ ಎಂಬಲ್ಲಿ ಕೈ ಬದಲಾಗುತ್ತದೆ. ಸಾಲು ಮುಗಿಯುವುದೇ ತಡ, ಮೇಲಿನ ಮೆಟ್ಟಿಲಿನ ಹೆಂಗಸರು ಅದನ್ನು ಎತ್ತಿಕೊಳ್ಳುತ್ತಾರೆ. ಎದುರಿನ ಚಾಳಿನಲ್ಲಿ ಕಿಟಕಿಗಳು ತೆರೆಯುತ್ತವೆ. ಹಾಲಿನ ಪ್ಯಾಕೆಟ್ ಹಂಚುವವನು ಸೈಕಲ್ ನಿಲ್ಲಿಸಿ ಕೇಳುತ್ತಾನೆ. ಒಬ್ಬಾಕೆ ಮೊಬೈಲ್ ಹಿಡಿದು ಗ್ಯಾಲರಿಗೆ ಬರುತ್ತಾಳೆ. ಕೆಲವು ತಿಂಗಳ ಹಿಂದೆ ಇದೇ ಚಾಳಿನವರು ಬೆಳಗಿನ ಗಲಾಟೆಗೆ ಮುಕಾದಮನನ್ನು ಬೈಯುತ್ತಿದ್ದರು. ಈಗ ಅವರಿಗೂ ಗೊತ್ತು, ಹಾಡುತ್ತಿರುವುದು ಚಂದ್ರವ್ವ.

ಚಂದ್ರವ್ವನಿಗೆ ಐವತ್ತು ದಾಟಿರಬಹುದು. “ಆಧಾರ್ ಕಾರ್ಡಿನ್ಯಾಗ ಒಂದ ಐತ್ರಿ, ನಮ್ಮವ್ವ ಹೇಳತಿದ್ದದ್ದ ಇನ್ನೊಂದ. ನೀವ ಯಾವುದರ ಬರಕೋರಿ,” ಎಂದು ನಗುತ್ತಾಳೆ. ಮೂವತ್ತಕ್ಕೂ ಹೆಚ್ಚು ವರ್ಷದಿಂದ ಮುಂಬಯಿಯ ಬಿಲ್ಡಿಂಗುಗಳಿಗೆ ಮಣ್ಣು, ಇಟ್ಟಂಗಿ, ಕಾಂಕ್ರೀಟು ಹೊತ್ತಿದ್ದಾಳೆ. ಹೊರುತ್ತಲೇ ಪದ ಕಟ್ಟಿದ್ದಾಳೆ. ಅವುಗಳಲ್ಲಿ ಒಂಬತ್ತು ಪದಗಳು ಈ ವರ್ಷ ‘ತಲಿ ಮ್ಯಾಲಿನ ಊರು’ ಎಂಬ ಹೆಸರಿನ ಆಲ್ಬಮ್ ಆಗಿ ಹೊರಬಂದಿವೆ. ಮೊಬೈಲಿನಲ್ಲಿ ಹಾಡು ಕೇಳುವ ಯಾರೇ ಆಗಲಿ ಹುಡುಕಿದರೆ ಸಿಗುತ್ತದೆ. ಸಾಹಿತ್ಯ ಎಂಬಲ್ಲಿ ಚಂದ್ರವ್ವ, ಸಂಗೀತ ಎಂಬಲ್ಲಿ ಚಂದ್ರವ್ವ, ಗಾಯನ ಎಂಬಲ್ಲಿ ಚಂದ್ರವ್ವ ಮತ್ತು ಸಂಗಡಿಗರು ಎಂದಿದೆ. ಆ ಮೊದಲ ಎರಡು ಜಾಗದಲ್ಲಿ ಅವಳ ಹೆಸರು ಸುಮ್ಮನೆ ಬಂದು ಕೂತದ್ದಲ್ಲ.

ಅವಳ ತವರು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಒಂದು ಹಳ್ಳಿ. ತಾಯಿ ಜೋಳ ಬೀಸುತ್ತ ಹಾಡುತ್ತಿದ್ದಳು. ಪಕ್ಕದಲ್ಲಿ ಕೂತು ಕಲ್ಲಿನ ಬಾಯಿಗೆ ಜೋಳ ಹಾಕುತ್ತಿದ್ದ ಹುಡುಗಿಗೆ ಹಾಡಿನ ಗತ್ತು ಹಾಗೇ ಮೈಗೆ ಹತ್ತಿತು. ಹದಿನೇಳು ತುಂಬುವ ಮೊದಲೇ ಮದುವೆಯಾಯಿತು. ಗಂಡ ಶರಣ ಮುಂಬಯಿಯಲ್ಲಿ ಗೌಂಡಿ. ದಹಿಸರಿನ ಗುಡ್ಡದಂಚಿನ ಕೂಲಿಕಾರರ ವಸ್ತಿಯಲ್ಲಿ ತಗಡಿನ ಮನೆ. ಬಂದ ವಾರಕ್ಕೇ ಚಂದ್ರವ್ವನೂ ನಾಕಾಕ್ಕೆ ಹೋಗಿ ನಿಂತಳು. ಬೆಳಿಗ್ಗೆ ಸ್ಟೇಶನ್ ಬಳಿ ಕೂಲಿಯಾಳುಗಳು ಗುಂಪಾಗಿ ನಿಲ್ಲುವ, ಮುಕಾದಮರು ಬಂದು ಆರಿಸಿಕೊಂಡು ಹೋಗುವ ಜಾಗಕ್ಕೆ ಇಲ್ಲಿ ನಾಕಾ ಎನ್ನುತ್ತಾರೆ.

“ಇಲ್ಲಿ ಬೀಸೂಕಲ್ಲ ಇಲ್ರಿ. ಗಿರಣಿಗೆ ಹಾಕಿದ್ರ ಹಿಟ್ಟು. ಹಾಡೂದ ಎಲ್ಲಿ? ಬಾಯಿ ಕಟ್ಟಿದಂಗ ಆಗಿತ್ತು,” ಎಂದು ಆ ದಿನಗಳನ್ನು ನೆನೆಯುತ್ತಾಳೆ. “ಒಂದಿನ ಮಿಕ್ಸರ್ ನೋಡಿದೆ. ಅದೂ ತಿರಗತೈತಿ, ಬೀಸೂಕಲ್ಲೂ ತಿರಗತೈತಿ. ಅದರ ಸಪ್ಪಳದ ಮ್ಯಾಲ ಅವ್ವನ ಪದ ಹಚ್ಚಿದೆ, ಕೂಡಲಿಲ್ಲ. ಅವ್ವನ ಪದಾ ಮೆಲ್ಲಗ ನಡೀತಾವು. ಇಲ್ಲಿ ಮುಕಾದಮ ಚಲ್ ಚಲ್ ಅಂತಾನ. ಹಂಗಾಗಿ ನಾನ ಹೊಸಾದು ಕಟ್ಟಿದೆ.”

ಹಾಗೆ ಕಟ್ಟಿದ ಪದಗಳಲ್ಲಿ ಲೋಕಲ್ ಟ್ರೇನು ಬರುತ್ತದೆ, ಗೋಣಿತಟ್ಟಿಗೆ ನೀರು ಹೊಡೆಯುವ ಪೈಪು ಬರುತ್ತದೆ, ಮೂಗಿನ ನತ್ತಿಗೆ ಮೆತ್ತಿದ ಸುಣ್ಣ ಬರುತ್ತದೆ. ಬೊರಿವಲಿಯ ಒಂದು ದೊಡ್ಡ ಟವರಿನ ಕೆಲಸ ಮುಗಿದ ಮೇಲೆ, ತಾನೇ ಇಟ್ಟಂಗಿ ಹೊತ್ತ ಮನೆ ಹೇಗೆ ಕಾಣುತ್ತದೆಂದು ನೋಡಲು ಹೋಗಿ, ವಾಚ್‌ಮನ್ ಒಳಗೆ ಬಿಡದೆ ಗೇಟಿನಲ್ಲೇ ನಿಂತು ಬಂದದ್ದೂ ಪದವಾಗಿದೆ.

ಗೇಟ ತಗಿ ತಮ್ಮಾ ಏಟ ಹೊತ್ತ ನಿಲ್ಲಿಸಿದಿ
ಕೋಟಿಯ ಮನಿಗೆಲ್ಲ ಇಟ್ಟಂಗಿ | ಹೊತ್ತಾಕಿ
ನೋಟಕ್ಕ ಬಂದೀನಿ ಒಂದ ಗಳಿಗಿ

ಕೆಲವು ವರ್ಷಗಳ ಹಿಂದೆ ಶರಣ ಪರಾಂಚಿಯಿಂದ, ಅಂದರೆ ಗೋಡೆ ಕಟ್ಟಲು ನಿಲ್ಲಿಸುವ ಬಿದಿರಿನ ಅಟ್ಟದಿಂದ, ಬಿದ್ದ. ಮುರಿದ ಕಾಲು ಕೂಡಿತು, ಆದರೆ ಮತ್ತೆ ಏರಿ ನಿಲ್ಲುವ ಕಾಲಾಗಲಿಲ್ಲ. ಈಗ ಅವನೂ ಸೈಟುಗಳಲ್ಲಿ ವಾಚ್‌ಮನ್. ಗೇಟಿನ ಪದ ಹಾಡಿದಾಗಲೆಲ್ಲ ಸಂಗಡಿಗರು ಅವನತ್ತ ನೋಡಿ ನಗುತ್ತಾರೆ. ಅವನೂ ಮೀಸೆಯಡಿ ನಗುತ್ತಾನೆ. ಅವನು ಮನೆಯಲ್ಲಿದ್ದ ಆ ಎರಡು ವರ್ಷ ಸಂಸಾರ ಪೂರ್ತಿ ಚಂದ್ರವ್ವನ ತಲೆಯ ಮೇಲೇ ಇತ್ತು. ಮಗಳು ರೂಪಾಲಿ ಆಗ ಕಾಲೇಜಿನಲ್ಲಿದ್ದಳು. ಆ ವರ್ಷಗಳ ಬಗ್ಗೆ ಕೇಳಿದರೆ ಚಂದ್ರವ್ವ, “ಹೋತ್ರಿ, ಅದೂ ಹೋತು. ಆವಾಗ ಕಟ್ಟಿದ ಪದಾ ಗಟ್ಟಿ ಅದಾವು,” ಎಂದಷ್ಟೇ ಹೇಳಿ ಸಿಂಬಿ ಸರಿಪಡಿಸಿಕೊಳ್ಳುತ್ತಾಳೆ.

ಕೂಲಿಯವರು ಒಂದು ಸೈಟಿನಲ್ಲಿ ನಿಲ್ಲುವವರಲ್ಲ. ಇವತ್ತು ದಹಿಸರ್, ನಾಳೆ ಮೀರಾ ರೋಡ್, ನಾಡಿದ್ದು ವಸಾಯಿ. ಅವರ ಜೊತೆ ಚಂದ್ರವ್ವನ ಪದಗಳೂ ಹೋದವು. ಒಮ್ಮೆ ಮೀರಾ ರೋಡಿನ ಸೈಟಿಗೆ ಹೊಸದಾಗಿ ಹೋಗಿದ್ದಾಗ, ಅಲ್ಲಿನ ಒಬ್ಬ ಹೆಣ್ಣುಮಗಳು ಊಟದ ಹೊತ್ತಿನಲ್ಲಿ ‘ಇಪ್ಪತ್ತ ಮಾಳಿಗಿ’ ಹಾಡಿದಳು. ಚಂದ್ರವ್ವನ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು.

“ಎಲ್ಲಿ ಕಲತಿ ತಂಗಿ ಈ ಪದಾ?” ಎಂದು ಕೇಳಿದಳು.

“ಇದು ಭಾಳ ಹಳೇದು ಅಕ್ಕಾ. ನಮ್ಮ ಅಜ್ಜಿ ಕಾಲದ್ದು,” ಎಂದಳು ಅವಳು ವಿಶ್ವಾಸದಿಂದ.

ಚಂದ್ರವ್ವ ರೊಟ್ಟಿ ತಿಂದು ಎದ್ದಳು. “ಖುಷಿ ಆತ್ರಿ. ನನ್ನ ಪದಾ ನನಗಿಂತ ಮದಲ ಅಲ್ಲಿ ಮುಟ್ಟಿತ್ತಲ್ಲ! ಆದರ ಮನಿಗೆ ಬಂದ ಮ್ಯಾಲ ಒಳಗ ಏನೋ ಚುಚ್ಚಿದಂಗ ಆಗಾಕ ಹತ್ತಿತು. ಮಗಳು ಎದುರಿಗೆ ಬಂದು, ನೀವ್ಯಾರು ಅಂತ ಕೇಳಿದಂಗ.”

ಹೀಗೇ ಹರಿದುಹೋಗಬಹುದಾಗಿದ್ದ ಪದಗಳನ್ನು ಹಿಡಿದು ನಿಲ್ಲಿಸಿದ್ದು ಹಿತೇಶ್ ಎಂಬ ತರುಣ. ಅದೂ ಜಗಳವಾಡಲು ಹೋಗಿ. ಉಡುಪಿ ಕಡೆಯಿಂದ ಬಂದ ಹೋಟೆಲ್ ಮನೆತನದವನು ಅವನು. ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರಲು ಮನಸ್ಸಿಲ್ಲದೆ ಸೌಂಡ್ ಎಂಜಿನಿಯರಿಂಗ್ ಕಲಿತು, ದಹಿಸರಿನ ಇದೇ ಗಲ್ಲಿಯಲ್ಲಿ ಒಂದು ಕೋಣೆಯ ಸ್ಟುಡಿಯೋ ಹಾಕಿಕೊಂಡಿದ್ದಾನೆ. ಜಾಹೀರಾತಿಗೆ ದನಿ ಕೊಡುವವರು, ಧಾರಾವಾಹಿಯ ಡಬ್ಬಿಂಗ್‌ನವರು ಅವನ ಗಿರಾಕಿಗಳು. ಪಕ್ಕದ ಹಳೇ ಬಿಲ್ಡಿಂಗ್ ಕೆಡವಿ ಹೊಸತು ಕಟ್ಟಲು ಶುರುಮಾಡಿದ ಮೇಲೆ ಅವನ ಗೋಳು ಕೇಳುವವರಿರಲಿಲ್ಲ. ಒಂದು ಬೆಳಿಗ್ಗೆ ನೀರಿನ ಫಿಲ್ಟರಿನ ಜಾಹೀರಾತು ರೆಕಾರ್ಡ್ ಆಗುತ್ತಿತ್ತು. ದನಿ ಕೊಡುವಾತ ಶುದ್ಧ ನೀರಿನ ಮಹಿಮೆ ಹೇಳುತ್ತಿದ್ದರೆ ಹಿಂದಿನಿಂದ ಹೆಂಗಸರ ಹಾಡು ನುಗ್ಗಿ ಬಂತು. ಟೇಕ್ ಮೇಲೆ ಟೇಕ್ ಹಾಳಾಯಿತು. ಹಿತೇಶ್ ಹೆಡ್‌ಫೋನ್ ಕಿತ್ತೆಸೆದು ಸೈಟಿಗೆ ನುಗ್ಗಿದ.

“ನಾನು ಬೈಲಿಕ್ಕೇ ಹೋದದ್ದು ಮಾರಾಯ್ರೆ, ಸುಳ್ಳು ಯಾಕೆ ಹೇಳೋದು,” ಎನ್ನುತ್ತಾನೆ ಅವನು. “ಅಲ್ಲಿ ಹೋಗಿ ನೋಡಿದ್ರೆ ಮೆಟ್ಟಿಲು ತುಂಬ ಜನ, ಮಧ್ಯ ನುಗ್ಗಲಿಕ್ಕೆ ಜಾಗ ಇಲ್ಲ. ನಿಂತೆ. ಹಾಗೇ ನಿಂತೇ ಬಿಟ್ಟೆ. ನಮ್ಮದು ಮನೇಲಿ ತುಳು, ಹೊರಗೆ ಹಿಂದಿ. ಅವರ ಕನ್ನಡ ನನಗೆ ಅರ್ಧ ಅರ್ಥ ಆಗ್ಲಿಲ್ಲ. ಆದ್ರೆ ವಾಪಸ್ ಬಂದು ಹಾಳಾದ ಟೇಕ್ ಡಿಲೀಟ್ ಮಾಡ್ಲಿಕ್ಕೆ ಕೈ ಬರ್ಲಿಲ್ಲ.”

ಮಧ್ಯಾಹ್ನ ಅವನು ಮತ್ತೆ ಹೋದ, ಈ ಸಲ ಅರ್ಧ ಗ್ಲಾಸಿನ ಕಟಿಂಗ್ ಚಾಯ್ ಹಿಡಿದುಕೊಂಡು. ಈ ಹಾಡು ಯಾರದು ಎಂದು ಕೇಳಿದ. ಚಂದ್ರವ್ವ ಉತ್ತರಿಸುವ ಮೊದಲೇ ಅವಳ ಜೊತೆಗಾತಿ ಲಕ್ಷ್ಮವ್ವ, “ಮತ್ಯಾರದ? ಈಕಿದ. ನಾವು ಬರೇ ಹೂಂ ಅನ್ನಾವ್ರು,” ಎಂದು ಬೆರಳು ಮಾಡಿದಳು. ಹಿತೇಶ್ ಅಲ್ಲೇ ಮರಳಿನ ಗುಡ್ಡೆಯ ಮೇಲೆ ಕೂತು ಎರಡು ಪದ ರೆಕಾರ್ಡ್ ಮಾಡಿಕೊಂಡ. ತನಗೆ ಪರಿಚಯವಿದ್ದ ಅಂಧೇರಿಯ ಒಂದು ಮ್ಯೂಸಿಕ್ ಕಂಪನಿಗೆ ಕಳಿಸಿದ. ಹದಿನೈದು ದಿನದೊಳಗೆ ಕರೆ ಬಂತು.

ಅಂಧೇರಿಗೆ ಹೋಗುವ ದಿನ ಚಂದ್ರವ್ವ ಮಗಳನ್ನು ಕರೆದುಕೊಂಡಳು. ರೂಪಾಲಿ ಬೊರಿವಲಿಯ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅವಳ ಕನ್ನಡ ಮರಾಠಿಯಲ್ಲಿ ಅದ್ದಿ ತೆಗೆದಂತಿದೆ. ಶಾಲೆಯಲ್ಲಿದ್ದಾಗ ಅವ್ವನ ಹಾಡೆಂದರೆ ಅವಳಿಗೆ ಆಗುತ್ತಿರಲಿಲ್ಲ. “ಸ್ಕೂಲ್ ಗೇಟಿಗೆ ಬರತಿದ್ಲು, ಕೂದಲಾಗ ಸಿಮೆಂಟ್, ಬಾಯಾಗ ಗಾಣಾ. ಮೈತ್ರಿಣಿ ಎಲ್ಲ ನೋಡಿ ನಗತಿದ್ರು. ನಾನು ದೂಸ್ರಾ ಗೇಟಿನಿಂದ ಓಡಿ ಹೋಗತಿದ್ದೆ,” ಎಂದು ಅವಳೇ ಹೇಳುತ್ತಾಳೆ. ಅಂಧೇರಿಯ ತಂಪು ಕೋಣೆಯಲ್ಲಿ ಅವಳಿಗೆ ಮೊದಲ ಸಲ ಅವ್ವನ ಹಾಡು ದೊಡ್ಡದಾಗಿ ಕಂಡಿತು. ಕಂಪನಿಯವರು ನಾಲ್ಕು ಪದ ಬೇಕು ಎಂದರು. ಚಂದ್ರವ್ವನೇ ಹಾಡಬೇಕು ಎಂದರು. ಕೊಡುತ್ತೇವೆಂದ ಮೊತ್ತ ಕೇಳಿ ರೂಪಾಲಿ ಅವ್ವನ ಮೊಣಕೈ ಒತ್ತಿದಳು.

ಕಾಗದ ಮುಂದೆ ಬಂತು. ಓದು ಬಾರದ ಚಂದ್ರವ್ವ ಮಗಳಿಗೆ, “ನನ್ನ ಹೆಸರು ಎಲ್ಲೈತಿ, ಬಟ್ಟಿಟ್ಟು ತೋರಸು,” ಎಂದಳು.

ಗಾಯಕಿ ಎಂಬಲ್ಲಿ ರೂಪಾಲಿ ಬೆರಳಿಟ್ಟಳು.

“ಪದಾ ಕಟ್ಟಿದಾಕಿ ಅನ್ನೂ ಜಾಗಾದಾಗ?”

ರೂಪಾಲಿ ತಡವರಿಸಿದಳು. “ಅಲ್ಲಿ ಪಾರಂಪರಿಕ್ ಅಂತ ಐತಿ ಅವ್ವಾ. ಹಳೇದು. ಯಾರು ಕಟ್ಟ್ಯಾರ ಗೊತ್ತಿಲ್ಲ ಅಂತ.”

“ನಾ ಗೊತ್ತಿಲ್ಲೇನು?”

ಎದುರು ಕೂತ ಅಧಿಕಾರಿ ಒರಟನಲ್ಲ. ನಗುತ್ತಲೇ ತಿಳಿಸಿ ಹೇಳಿದ. “ಆಯೀ, ಯೇ ತೋ ಲೋಕಗೀತ್ ಹೈ ನಾ. ಸಬ್ ಕಾ ಹೈ.” ಇದು ಜಾನಪದ ಹಾಡು, ಎಲ್ಲರದು ಎಂದ. ಸೈಟುಗಳಲ್ಲೆಲ್ಲ ಎಲ್ಲರೂ ಹಾಡುತ್ತಾರಂತಲ್ಲ, ನಾಳೆ ಯಾರಾದರೂ ನಮ್ಮದು ಎಂದು ಬಂದರೆ ತೊಂದರೆ, ಹೀಗೆ ಬರೆದರೆ ಎಲ್ಲರಿಗೂ ಒಳ್ಳೆಯದು ಎಂದ. ರೂಪಾಲಿ ಅದನ್ನೆಲ್ಲ ಕನ್ನಡಕ್ಕೆ ಮಾಡಿ ಹೇಳಿ, ಕೊನೆಗೆ ತನ್ನದೊಂದು ಮಾತು ಸೇರಿಸಿದಳು. “ಸಹಿ ಮಾಡು ಅವ್ವಾ. ನಾಮ್ ಸೇ ಕ್ಯಾ ಆಗತೈತಿ?”

ಚಂದ್ರವ್ವ ಕಾಗದವನ್ನು ಮೆಲ್ಲಗೆ ಅವನತ್ತ ಸರಿಸಿದಳು. “ಎಲ್ಲಾರೂ ಹಾಡಲಿ ಸಾಹೇಬ್ರ, ನಾ ಬ್ಯಾಡ ಅನ್ನೂದಿಲ್ಲ. ಆದರ ಪದ ಕಟ್ಟಿದಾಕಿ ನಾನ. ಜೀವಂತ ನಿಮ್ಮ ಮುಂದ ಕುಂತೀನಿ. ನನ್ನ ನೋಡಕೋತ ಯಾರೂ ಇಲ್ಲ ಅಂತ ಹೆಂಗ ಬರೀತೀರಿ?”

ಮಾತು ಅಲ್ಲಿಗೇ ನಿಂತಿತು. ಬದಲಿಸುವ ಅಧಿಕಾರ ತನಗಿಲ್ಲ ಎಂದ ಅವನು. ತಾಯಿ ಮಗಳು ಎದ್ದು ಬಂದರು.

ಅಂಧೇರಿಯಿಂದ ದಹಿಸರಿಗೆ ಲೋಕಲಿನ ಮಹಿಳಾ ಡಬ್ಬಿಯಲ್ಲಿ ಇಬ್ಬರೂ ಬಾಗಿಲ ಬಳಿ ನಿಂತಿದ್ದರು. ರೂಪಾಲಿ ಮುಖ ತಿರುಗಿಸಿಕೊಂಡಿದ್ದಳು. ಬಂದ ಭಾಗ್ಯವನ್ನು ಅವ್ವ ಕಾಲಿಂದ ಒದ್ದಳು ಎಂಬ ಸಿಟ್ಟು. ಗೋರೆಗಾಂವ್ ದಾಟಿತು, ಮಲಾಡ್ ದಾಟಿತು. ಅವ್ವ ಅಳಲೂ ಇಲ್ಲ, ಬೈಯಲೂ ಇಲ್ಲ. ಕಂಬಿ ಹಿಡಿದು ಹೊರಗೆ ಏಳುತ್ತಿದ್ದ ಟವರುಗಳನ್ನು ನೋಡುತ್ತಿದ್ದಳು. ಕಾಂದಿವಲಿ ಬರುವಾಗ ರೂಪಾಲಿಗೆ ಏನನ್ನಿಸಿತೋ, ತಿರುಗಿ ಕೇಳಿದಳು. “ಅವ್ವಾ, ವಸ್ತಿಯಾಗ ಭಜನಿ ಮಾಡತಾರಲ್ಲ, ಆ ಪದಕ್ಕ ಲಾಸ್ಟಿಗೆ ಒಂದು ಹೆಸರು ಬರತೈತಲ್ಲ. ಅದು ಯಾಕ?”

“ಅದು ಅಂಕಿತ. ಪದಾ ಕಟ್ಟಿದವರು ದೇವರ ಹೆಸರು, ಗುರುವಿನ ಹೆಸರು ಇಡತಾರ.”

“ನಿನ್ನ ಗಾಣ್ಯಾಗ ಯಾಕ ಇಲ್ಲ?”

“ನನಗ್ಯಾವ ಗುರು?”

“ತೋ ತೇರಾ ಹೀ ನಾಮ್ ಇಡು!”

ಹಾಗೆ ಇಡಬಹುದು ಎಂದು ಚಂದ್ರವ್ವ ಎಂದೂ ಯೋಚಿಸಿದವಳಲ್ಲ. ಕೂಲಿ ಮಾಡುವ ಹೆಂಗಸು ತನ್ನ ಹೆಸರನ್ನು ತಾನೇ ಪದದಲ್ಲಿ ಹಾಕಿಕೊಳ್ಳುವುದು ಅವಳಿಗೆ ನಾಚಿಕೆಯ ಮಾತಾಗಿ ಕಂಡಿತು. ಆದರೆ ನಾಲಗೆ ಆಗಲೇ ಹುಡುಕಲು ಶುರುಮಾಡಿತ್ತು. ಬೊರಿವಲಿಯಲ್ಲಿ ಜನ ಇಳಿದು ಡಬ್ಬಿ ತುಸು ಸಡಿಲಾದಾಗ, ಅವಳು ಕಂಬಿಯ ಮೇಲೆ ಬೆರಳಿಂದ ತಾಳ ಹಾಕುತ್ತ ಮೆಲ್ಲಗೆ ಹೇಳಿಕೊಂಡಳು. ಎರಡನೇ ಸಲ ತುಸು ಜೋರಾಗಿ. ಮೂರನೇ ಸಲಕ್ಕೆ ಪೂರ್ತಿ ದನಿ ತೆಗೆದು.

ಹೆಸರ ಕೇಳಿದರ ಹೇಳ ಮರೀಬ್ಯಾಡ
ಕೆಸರಾಗ ನಿಂತಾಕಿ ಚಂದ್ರವ್ವ | ದಹಿಸರದಾಗ
ಉಸರೀಲೆ ಕಟ್ಟ್ಯಾಳ ಈ ಪದವ

ಲೋಕಲಿನಲ್ಲಿ ಭಜನೆ ಮಾಡುತ್ತ ಹೋಗುವುದು ಮುಂಬಯಿಯವರಿಗೆ ಹೊಸತಲ್ಲ. ಕಿಟಕಿ ಪಕ್ಕದ ಇಬ್ಬರು ಮರಾಠಿ ಹೆಂಗಸರು ಯಾವ ದೇವರ ಪದವೋ ಎಂದುಕೊಂಡು ಚಪ್ಪಾಳೆ ಕೂಡಿಸಿದರು. ಯಾವ ದೇವರದು ಎಂದು ಒಬ್ಬಾಕೆ ಕೇಳಿಯೂ ಬಿಟ್ಟಳು. ರೂಪಾಲಿ ಅವ್ವನ ಹೆಗಲ ಮೇಲೆ ಕೈ ಹಾಕಿ, “ದೇವ್ ನಾಹೀ, ಹೀ ಮಾಝೀ ಆಈ,” ಎಂದಳು. ದೇವರಲ್ಲ, ಇವಳು ನನ್ನ ತಾಯಿ. ಸ್ಕೂಲಿನ ಎರಡನೇ ಗೇಟಿನಿಂದ ಓಡಿಹೋಗುತ್ತಿದ್ದ ಹುಡುಗಿ ಅಂದು ಡಬ್ಬಿಯ ಜನರೆದುರು ಹಾಗೆಂದದ್ದನ್ನು ಹೇಳುವಾಗ ಚಂದ್ರವ್ವನ ದನಿ ತಗ್ಗುತ್ತದೆ.

ಕಂಪನಿ ಬೇಡವಾದರೆ ನಾವೇ ಮಾಡೋಣ ಎಂದ ಹಿತೇಶ್. ಸ್ಟುಡಿಯೋ ತನ್ನದು, ಸಮಯ ತನ್ನದು. ಒಂದು ಭಾನುವಾರ ಚಂದ್ರವ್ವನನ್ನು ಕರೆದು, ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ನಿಲ್ಲಿಸಿ, ಕಿವಿಗೆ ಹೆಡ್‌ಫೋನ್ ಹಾಕಿದ. ಹಾಡು ಏಳಲೇ ಇಲ್ಲ. ಸೈಟಿನಲ್ಲಿ ಮಿಕ್ಸರನ್ನೇ ಮಣಿಸುವ ದನಿ ಅಲ್ಲಿ ಶಾಲೆಯ ಪ್ರಾರ್ಥನೆಯಂತೆ ಬಡವಾಯಿತು. ಮರುವಾರವೂ ಅಷ್ಟೇ. ಮೂರನೇ ವಾರ ಅವಳೇ ಹೆಡ್‌ಫೋನ್ ತೆಗೆದಿಟ್ಟಳು.

“ತಮ್ಮಾ, ಇದರೊಳಗ ನನ್ನ ದನಿ ನನಗ ಕೇಳತೈತಿ. ಅದಕ್ಕ ನಾಚಿಕಿ ಬರತೈತಿ. ಅಲ್ಲಿ ಲಕ್ಷ್ಮವ್ವನ ದನಿ ಕೇಳತೈತಿ, ಮ್ಯಾಲಿನವರ ದನಿ ಕೇಳತೈತಿ, ಕೈಗೆ ಘಮೇಲಾ ಬರತೈತಿ. ಇಲ್ಲಿ ಕೈ ಏನು ಮಾಡಬೇಕು?”

ಹಿತೇಶ್‌ಗೆ ಅಂದು ನಿದ್ದೆ ಬರಲಿಲ್ಲವಂತೆ. ಬೀದಿಯ ಸದ್ದನ್ನು ಹೊರಗಿಡಲು ವರ್ಷಗಟ್ಟಲೆ ಗೋಡೆಗೆ ಫೋಮು ಅಂಟಿಸಿದವನು, ಈಗ ಸ್ಟುಡಿಯೋವನ್ನೇ ಸೈಟಿಗೆ ಒಯ್ಯಲು ಹೊರಟ. ಮುಕಾದಮನನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಕೆಲಸ ಒಂದು ಗಳಿಗೆಯೂ ನಿಲ್ಲಬಾರದು, ಏನು ಮಾಡಿದರೂ ಮಿಕ್ಸರ್ ಶುರುವಾಗುವ ಮೊದಲೇ ಮಾಡಿಕೊಳ್ಳಿ ಎಂದ ಅವನು. ಹೀಗೆ ಬೆಳಗಿನ ಜಾವ, ಇನ್ನೂ ಗೋಡೆ ಏಳದ ಎರಡನೇ ಮಾಳಿಗೆಯಲ್ಲಿ ರೆಕಾರ್ಡಿಂಗ್ ಶುರುವಾಯಿತು. ಬೋಳು ಕಾಂಕ್ರೀಟಿನಲ್ಲಿ ದನಿ ಗುಂಯ್‌ಗುಡುತ್ತಿತ್ತು. ಸ್ಲ್ಯಾಬ್ ಒಣಗದಿರಲು ಹೊದಿಸುವ ಗೋಣಿತಟ್ಟುಗಳಲ್ಲಿ ಒಣಗಿದವನ್ನು ಆರಿಸಿ ಶರಣ ಸುತ್ತಲೂ ಕಟ್ಟಿದ. ಅದೂ ಸಾಲದೆ ವಸ್ತಿಯ ಹೆಂಗಸರು ಹಳೇ ಸೀರೆ, ಕೌದಿ ತಂದು ಇಳಿಬಿಟ್ಟರು. ಕೌದಿಗಳ ಆ ಮನೆಯೊಳಗೆ ಹೆಂಗಸರು ಸಾಲಾಗಿ ನಿಂತು, ಮರಳು ತುಂಬಿದ ಘಮೇಲಾವನ್ನು ಕೈಯಿಂದ ಕೈಗೆ ದಾಟಿಸುತ್ತ ಹಾಡಿದರು.

ಚಂದ್ರವ್ವನ ದನಿ ಎದ್ದು ಬಂತು.

ಅಲ್ಲೂ ಅಡ್ಡಿಗಳಿದ್ದವು. ಒಂದು ಪದದ ನಡುವೆ ಕಾಗೆ ಕೂಗಿತು. ಇನ್ನೊಂದರ ನಡುವೆ ಮೊದಲ ಲೋಕಲಿನ ಹಾರ್ನು. ಲಕ್ಷ್ಮವ್ವನಿಗೆ ಸೀನು ಬಂದು ಒಂದು ಒಳ್ಳೆಯ ಟೇಕೇ ಹೋಯಿತು, ಅದಕ್ಕೆ ಅವಳನ್ನು ಕೀಟಲೆ ಮಾಡುವುದನ್ನು ಇನ್ನೂ ಯಾರೂ ಬಿಟ್ಟಿಲ್ಲ. ಹಿತೇಶ್ ಕಾಗೆಯನ್ನೂ ಹಾರ್ನನ್ನೂ ತೆಗೆಯಲಿಲ್ಲ. ಕಬ್ಬಿಣದ ಬುಟ್ಟಿ ಅಂಗೈಗೆ ಬಡಿಯುವ ಸದ್ದೇ ತಾಳ. ತಬಲ, ಹಾರ್ಮೋನಿಯಂ ಯಾವುದೂ ಇಲ್ಲ. ಒಂಬತ್ತು ಪದಗಳೂ ಚಂದ್ರವ್ವನ ಅಂಕಿತದಿಂದ ಮುಗಿಯುತ್ತವೆ.

ಆಲ್ಬಮ್ ಹೊರಬಂದ ಮೊದಲ ವಾರ ಕೇಳಿದವರು ಬಹುಪಾಲು ವಸ್ತಿಯವರೇ. ಎರಡನೇ ವಾರ ಯಾರೋ ಗೌಂಡಿಯೊಬ್ಬ ಗೇಟಿನ ಪದಕ್ಕೆ ತನ್ನ ಸೈಟಿನ ವಿಡಿಯೋ ಕೂಡಿಸಿ ಹಾಕಿದ. ಅದು ಪುಣೆಗೆ ಹೋಯಿತು, ಬೆಳಗಾವಿಗೆ ಹೋಯಿತು, ಬೆಂಗಳೂರಿನ ಸೈಟುಗಳಿಗೆ ಹೋಯಿತು. ದೊಡ್ಡ ಟವರುಗಳ ವಾಚ್‌ಮನ್‌ಗಳು ತಮ್ಮ ಗೇಟು ತೆರೆಯುತ್ತ ಅದೇ ಪದಕ್ಕೆ ವಿಡಿಯೋ ಮಾಡತೊಡಗಿದರು. ತಿಂಗಳೊಳಗೆ ಲಕ್ಷಾಂತರ ಜನ ಕೇಳಿದ್ದರು. ದಾದರಿನ ಒಂದು ಕನ್ನಡ ಸಂಘದವರು ಹುಡುಕಿಕೊಂಡು ವಸ್ತಿಗೆ ಬಂದು, ನಮ್ಮ ಸಭಾಂಗಣದಲ್ಲಿ ನಿಮ್ಮ ಕಾರ್ಯಕ್ರಮ ಆಗಬೇಕು ಎಂದರು.

ಆ ಭಾನುವಾರ ಸಂಜೆ ಸಭಾಂಗಣದ ಮುಂದಿನ ಸಾಲುಗಳಲ್ಲಿ ಇಸ್ತ್ರಿ ಬಟ್ಟೆಯ ಹೋಟೆಲ್ ಮಾಲೀಕರು, ಬ್ಯಾಂಕಿನವರು, ನಿವೃತ್ತ ಮೇಷ್ಟ್ರುಗಳು. ಹಿಂದಿನ ಸಾಲುಗಳಲ್ಲಿ, ಗೋಡೆಗುಂಟ, ಬಾಗಿಲಲ್ಲಿ ದಹಿಸರ್, ಮೀರಾ ರೋಡ್, ಧಾರಾವಿಯಿಂದ ಬಂದ ಕೂಲಿಯ ಹೆಂಗಸರು. ಹಬ್ಬದ ಸೀರೆ ಉಟ್ಟು, ಮಕ್ಕಳನ್ನು ಕಂಕುಳಲ್ಲಿ ಹೊತ್ತು ಬಂದಿದ್ದರು. ಶರಣ ಮೊದಲ ಸಾಲಿನಲ್ಲಿ ಬಿಳಿ ಟೋಪಿ ಹಾಕಿಕೊಂಡು ಕೂತಿದ್ದ. ಹೆಂಡತಿಯ ಹಾಡಿನ ಬಗ್ಗೆ ಏನನ್ನಿಸುತ್ತದೆ ಎಂದು ಪಕ್ಕದವರು ಕೇಳಿದರೆ, “ನಮ್ಮನ್ಯಾಗ ದಿನಾ ಇದ ಐತ್ರಿ. ಟಿಕೀಟ ಇಲ್ಲದ ಕೇಳಾವ ನಾ ಒಬ್ಬನ,” ಎಂದ.

ಚಂದ್ರವ್ವ ವೇದಿಕೆಗೆ ಬಂದು ಖಾಲಿ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. ದೀಪಗಳ ಬೆಳಕಿಗೆ ಎದುರಿನ ಮುಖಗಳು ಕಾಣಲಿಲ್ಲ. ಲಕ್ಷ್ಮವ್ವ ಪಕ್ಕ ಬಂದು ನಿಂತು ಖಾಲಿ ಘಮೇಲಾವನ್ನು ಅವಳ ಕೈಗಿತ್ತಳು. ಅದರ ಅಂಚು ಬೆರಳಿಗೆ ತಾಗಿದ್ದೇ ಸಾಕಾಯಿತು. ಮೊದಲ ಪದಕ್ಕೆ ಹಿಂದಿನ ಸಾಲಿನವರು ದನಿ ಕೂಡಿಸಿದರು. ಗೇಟಿನ ಪದಕ್ಕೆ ಮುಂದಿನ ಸಾಲಿನವರೂ ನಕ್ಕರು, ಆಮೇಲೆ ನಗು ನಿಂತು ಸುಮ್ಮನೆ ಕೇಳಿದರು. ಅಲ್ಲಿಯ ತನಕ ಅವಳು ಅಂಕಿತದ ನುಡಿ ಬಿಟ್ಟೇ ಹಾಡಿದ್ದಳು. ಕೊನೆಗೆ ‘ಇಪ್ಪತ್ತ ಮಾಳಿಗಿ’ ಬಂತು. ಅದರ ಕೊನೆಯ ನುಡಿಗೆ ಬಂದಾಗ ಚಂದ್ರವ್ವ ‘ಕೆಸರಾಗ ನಿಂತಾಕಿ’ ಎಂದು ಹಾಡಿ ಗಕ್ಕನೆ ನಿಂತುಬಿಟ್ಟಳು. ಸೈಟಿನಲ್ಲಿ, ಕೌದಿಗಳ ಮರೆಯಲ್ಲಿ ಹಾಡಿದ್ದು ಬೇರೆ. ಇಷ್ಟು ಜನರ ಮುಂದೆ ತನ್ನ ಹೆಸರನ್ನು ತಾನೇ ಹೇಗೆ ಹಾಡಿಕೊಳ್ಳುವುದು?

ಮರುಕ್ಷಣ ಹಿಂದಿನ ಗೋಡೆಯಿಂದ, ಬಾಗಿಲಿನಿಂದ, ಕಂಕುಳ ಮಕ್ಕಳ ತಾಯಂದಿರಿಂದ ಒಟ್ಟಿಗೇ ಎದ್ದಿತು: “ಚಂದ್ರವ್ವ!”

ಅದು ರಾಗದಲ್ಲೇ ಇತ್ತು, ತಾಳಕ್ಕೆ ಸರಿಯಾಗಿಯೇ ಇತ್ತು. ಅವಳು ಮತ್ತೆ ಸಾಲು ಎತ್ತಿದಳು, ಮತ್ತೆ ಅಲ್ಲೇ ನಿಂತಳು, ಈ ಸಲ ಬೇಕೆಂದೇ. ಈಗ ಮುಂದಿನ ಸಾಲಿನ ಹೋಟೆಲ್ ಮಾಲೀಕರು, ಮೇಷ್ಟ್ರುಗಳೂ ಸೇರಿ ಇಡೀ ಸಭಾಂಗಣ ಅವಳ ಹೆಸರನ್ನು ಹಾಡಿತು. ರೂಪಾಲಿ ವೇದಿಕೆಯ ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದಳು. ಆ ವಿಡಿಯೋದ ಕೊನೆಯ ಭಾಗ ಪೂರ್ತಿ ಅಲುಗಾಡಿದೆ. ಹಿತೇಶ್ ಅದನ್ನು ತೋರಿಸಿ ಕೀಟಲೆ ಮಾಡಿದರೆ ಅವಳು, “ರೋತೇ ರೋತೇ, ಅಳಕೋತನ ಹಿಡದೆ, ಹಂಗ ಆತು, ಮತ್ತೇನ ಮಾಡ್ಲಿ,” ಎನ್ನುತ್ತಾಳೆ.

ಈಗ ಬೇರೆ ಕಂಪನಿಗಳು ಕರೆ ಮಾಡುತ್ತಿವೆ. ಮೊದಲ ಮಾತಿಗೇ ರೂಪಾಲಿ ಹೆಸರಿನ ವಿಷಯ ಕೇಳುತ್ತಾಳೆ. ಕೆಲವು ಕಾಲೇಜುಗಳಿಂದಲೂ ಆಹ್ವಾನ ಬಂದಿದೆ. ಚಂದ್ರವ್ವ ಮಾತ್ರ ಸ್ಲ್ಯಾಬ್ ಇರುವ ದಿನ ಸೈಟಿಗೆ ಬರುವುದನ್ನು ಬಿಟ್ಟಿಲ್ಲ. ಗುಂಪು ತನ್ನದು, ಕೂಲಿಯೂ ತನ್ನದು, ಹಾಡು ಬಂತೆಂದು ಬಿಡಲಾಗುತ್ತದೆಯೇ ಎನ್ನುತ್ತಾಳೆ.

ಹತ್ತು ಗಂಟೆಯ ಹೊತ್ತಿಗೆ ಬಿಸಿಲು ಏರುತ್ತದೆ. ಅರ್ಧ ಸ್ಲ್ಯಾಬ್ ಮುಗಿದಿದೆ. ಮಿಕ್ಸರ್ ನಿಲ್ಲಿಸಿ ಚಹಾ ಕೊಡುವ ಹೊತ್ತಿನಲ್ಲಿ ಹೆಂಗಸರು ಅಂಗಿಯ ತೋಳಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಇಷ್ಟೆಲ್ಲ ಆದ ಮೇಲೆ ಇನ್ನೇನು ಆಸೆ ಎಂದು ಕೇಳಿದರೆ ಚಂದ್ರವ್ವ ಚಹಾದ ಗ್ಲಾಸು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾಳೆ.

“ಎರಡನೇ ಆಲ್ಬಮ್ ಮಾಡೂಣು ಅಂತಾನ್ರಿ ಹಿತೇಶ. ಮಾಡತೀನಿ. ಆದರ ಅದನ್ನ ಕುಂತ ಹಾಡಬೇಕಂತ ಆಸೆ ಐತಿ,” ಎನ್ನುತ್ತಾಳೆ. “ಇಷ್ಟ ವರ್ಷ ನಿಂತಗೊಂಡ ಕಟ್ಟೀನಿ, ನಿಂತಗೊಂಡ ಹಾಡೀನಿ. ಕುಂತ ಕಟ್ಟಿದ ಪದಾ ಹೆಂಗಿರತೈತಿ ಅನ್ನೂದ ನನಗ ಇನ್ನಾ ಗೊತ್ತಿಲ್ರಿ. ಅದನ್ನೊಂದು ನಾ ಕೇಳಬೇಕು.”